ಸಣ್ಣ ಗದ್ದೆಯ ಭತ್ತದ ಬೇಸಾಯವೂ ಯಂತ್ರಗಳೂ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎಂದೊಡನೆ ಹೊರಗಿನವರ ಕಣ್ಣಿಗೆ ಕಟ್ಟುವುದು ತೆಂಗಿನ ತೋಟ. ನಮ್ಮ ಸೀಮೆಯ ಉಂಡೆಕೊಬ್ಬರಿಗೆ ತಿಪಟೂರಿನ ಮಾರುಕಟ್ಟೆಯಲ್ಲಿ ಆಗುವ ಧಾರಣೆಯನ್ನು ದೆಹಲಿಯ ವ್ಯಾಪಾರಿಗಳೂ ಗಮನಿಸುತ್ತಾರೆ. ಉಣ್ಣುವುದಕ್ಕೆ ರಾಗಿ, ಮಾರುವುದಕ್ಕೆ ತೆಂಗು ಎಂಬುದು ಇಲ್ಲಿನ ಒಕ್ಕಲು ಮಕ್ಕಳ ಹಳೆಯ ಲೆಕ್ಕ. ಹೀಗಿರಲು ಭತ್ತವನ್ನು ಕುರಿತು ಬರೆಯಲು ಹೊರಟದ್ದೇಕೆ ಎಂದು ಸಹಪಾಠಿಗಳು ಕೇಳಬಹುದು. ಕೆರೆಯ ಹಿಂದಿನ ಅಚ್ಚುಕಟ್ಟಿನಲ್ಲಿ ಅಂಗೈಯಗಲದ ಗದ್ದೆ ಉಳ್ಳವರ ಮನೆಯಲ್ಲಿ ಭತ್ತಕ್ಕೆ ಇರುವ ಮರ್ಯಾದೆಯೇ ಬೇರೆ. ಹಬ್ಬದ ದಿನ ಅಂಗಡಿಯ ಅಕ್ಕಿಯನ್ನು ಕೊಳ್ಳದೆ ಮನೆಯ ಅಕ್ಕಿಯಲ್ಲಿ ಅನ್ನ ಮಾಡುವುದೆಂದರೆ ನನ್ನ ಅವ್ವನಿಗೆ ಇಂದಿಗೂ ಒಂದು ಹೆಮ್ಮೆ.

ಈ ಲೇಖನಕ್ಕೆ ಮೂಲಕಾರಣವಾದದ್ದು ನಮ್ಮ ಅರ್ಥಶಾಸ್ತ್ರದ ತರಗತಿ. ಉತ್ಪಾದನೆಯ ಪ್ರಮಾಣ ಹೆಚ್ಚಿದಂತೆಲ್ಲ ಯಂತ್ರದ ವೆಚ್ಚ ಹಂಚಿಹೋಗಿ ಪ್ರತಿಯೊಂದು ಮೂಟೆಯ ಮೇಲೆ ಬೀಳುವ ಖರ್ಚು ಇಳಿಯುತ್ತದೆಂದು ಅಧ್ಯಾಪಕರು ವಿವರಿಸುತ್ತಿದ್ದರು. "ಪ್ರಮಾಣ ಹೆಚ್ಚಿಸಲು ಜಾಗವೇ ಇಲ್ಲದವರ ಗತಿಯೇನು ಸಾರ್? ನಮ್ಮದು ಮೂವತ್ತು ಗುಂಟೆ" ಎಂದು ನಾನು ಎದ್ದು ಕೇಳಿದೆ. ತರಗತಿ ನಕ್ಕಿತು, ಅವರು ನಗಲಿಲ್ಲ. "ಆ ಮೂವತ್ತು ಗುಂಟೆಯ ಲೆಕ್ಕವನ್ನೇ ಬರೆದುಕೊಂಡು ಬನ್ನಿ" ಎಂದರು. ಬರೆದದ್ದು ಇದು.

ದಬ್ಬೇಘಟ್ಟ ಹೋಬಳಿಯ ಒಂದು ಸಣ್ಣ ಊರು ನಮ್ಮದು. ಕೆರೆಯ ತೂಬಿನ ಕೆಳಗೆ ಗದ್ದೆ ಬಯಲು. ಬಯಲಿನ ಎರಡು ಅಂಚಿಗೂ ತೆಂಗಿನ ತೋಟ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಮುಗಿದದ್ದು ೧೯೭೯ರಲ್ಲಿ. ಅದರ ನಾಲೆಯ ನೀರು ತುಮಕೂರು ಜಿಲ್ಲೆಯ ಕೆರೆಗಳಿಗೆ ಬರತೊಡಗಿದ ಮೇಲೆ ನಮ್ಮ ಕಡೆ ಭತ್ತದ ಆಸೆ ಮತ್ತೆ ಚಿಗುರಿತಾದರೂ ನೀರು ಬಂದ ವರ್ಷ ಬೆಳೆ, ಬಾರದ ವರ್ಷ ಬೀಳು ಎಂಬ ಮಾತು ಹೋಗಲಿಲ್ಲ. ರಾಜ್ಯಕ್ಕೆ ಬರ ಬಂದ ೨೦೨೩ರಲ್ಲಿ ನಮ್ಮ ಬಯಲಿನಲ್ಲಿ ಯಾರೂ ಒಟ್ಲು ಬಿಡಲಿಲ್ಲ.

ನಮ್ಮ ಗದ್ದೆ ತಾತನ ಕಾಲದಲ್ಲಿ ಗೇಣಿಯದು. ೧೯೭೪ರ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದಾಗ ತಾತ ನಮೂನೆ ೭ರ ಅರ್ಜಿ ಹಾಕಿ, ಭೂನ್ಯಾಯಮಂಡಳಿಯ ಮುಂದೆ ನಿಂತು, ಒಂದು ಎಕರೆ ಇಪ್ಪತ್ತು ಗುಂಟೆಯನ್ನು ತನ್ನ ಹೆಸರಿಗೆ ಮಾಡಿಸಿಕೊಂಡರು. ಅದು ಒಂದೇ ಕಡೆ ಇರಲಿಲ್ಲ, ಐದು ತುಂಡು. ಹತ್ತು ಗುಂಟೆಯವು ಮೂರು, ಹದಿನಾರರದು ಒಂದು, ಹದಿನಾಲ್ಕರದು ಒಂದು. ಅಪ್ಪನಿಗೂ ಚಿಕ್ಕಪ್ಪನಿಗೂ ಭಾಗವಾದಾಗ ಹಿರಿಯರು ಇಡೀ ತುಂಡುಗಳನ್ನು ಹಂಚಿಕೊಡಬಹುದಾಗಿತ್ತು. ಆದರೆ ತೂಬಿನ ಹತ್ತಿರದ ತುಂಡಿಗೆ ನೀರು ಮೊದಲು, ಬಯಲಿನ ತುದಿಯದಕ್ಕೆ ಕೊನೆಗೆ. ಒಂದು ಎರೆಮಣ್ಣು, ಇನ್ನೊಂದು ಮರಳುಮಿಶ್ರ. ಒಬ್ಬನಿಗೆ ಮೇಲು ಒಬ್ಬನಿಗೆ ಕೀಳು ಆಗಬಾರದೆಂದು ಐದನ್ನೂ ಉದ್ದಕ್ಕೆ ಸೀಳಿ ನಡುವೆ ಬದು ಹಾಕಿದರು. ಅಂದಿನಿಂದ ನಮ್ಮ ಪಾಲು ಐದು, ಐದು, ಐದು, ಎಂಟು ಮತ್ತು ಏಳು ಗುಂಟೆಯ ಐದು ಪಟ್ಟಿಗಳು. ಅಣ್ಣತಮ್ಮಂದಿರ ನಡುವೆ ಅದು ಅಪ್ಪಟ ನ್ಯಾಯ. ಆ ನ್ಯಾಯವನ್ನು ಅಳೆದಾಗ ಯಂತ್ರವೊಂದು ಈ ಬದುವಿನ ಮೇಲೆ ಬಂದು ನಿಲ್ಲುವುದೆಂದು ಯಾರೂ ಎಣಿಸಿರಲಿಲ್ಲ.

ಉಳುಮೆಯ ಯಂತ್ರದಿಂದ ಪ್ರಾರಂಭಿಸುವುದು ಸೂಕ್ತ. ಭತ್ತದ ಗದ್ದೆಯ ಉಳುಮೆ ಹೊಲದ ಉಳುಮೆಯಂತಲ್ಲ. ನೀರು ಕಟ್ಟಿ, ಮಣ್ಣನ್ನು ಕೆಸರು ಮಾಡಿ, ಹಲಗೆ ಹೊಡೆದು ಸಮ ಮಾಡಬೇಕು. ಕೆಸರಾದ ಮಣ್ಣು ತಳದಲ್ಲಿ ಮೆತ್ತಿಕೊಂಡು ನೀರು ಇಂಗದಂತೆ ತಡೆಯುತ್ತದೆ, ಕಳೆಯೂ ಸಾಯುತ್ತದೆ. ಇದನ್ನು ಮುಂಚೆ ಒಂದು ಜೊತೆ ಎತ್ತು ದಿನಗಟ್ಟಲೆ ಮಾಡುತ್ತಿದ್ದವು. ಸಣ್ಣ ಗದ್ದೆಗೆಂದೇ ಹುಟ್ಟಿದ ಯಂತ್ರವೆಂದರೆ ಪವರ್ ಟಿಲ್ಲರ್. ಜಪಾನಿನ ಮಿತ್ಸುಬಿಷಿ ಸಂಸ್ಥೆಯ ಸಹಯೋಗದಿಂದ ವಿ.ಎಸ್.ಟಿ. ಸಂಸ್ಥೆ ೧೯೬೭ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ ಈ ಟಿಲ್ಲರುಗಳನ್ನು ತಯಾರಿಸತೊಡಗಿತು. ಒಬ್ಬನೇ ಹಿಂದೆ ನಡೆಯುತ್ತ ಹಿಡಿಕೆ ಹಿಡಿದು ತಿರುಗಿಸಬಹುದಾದ ಇದು ಬದು ಹತ್ತಿ ಇಳಿಯುತ್ತದೆ, ಮೂಲೆಯನ್ನೂ ಬಿಡುವುದಿಲ್ಲ.

ಇಷ್ಟಾದರೂ ನಮ್ಮ ಬಯಲಿನಲ್ಲಿ ಇಂದು ಹೆಚ್ಚಾಗಿ ಇಳಿಯುವುದು ಟ್ರ್ಯಾಕ್ಟರೇ. ಕಾರಣ ಸರಳ. ಟ್ರ್ಯಾಕ್ಟರು ಇಟ್ಟವನಿಗೆ ತೆಂಗಿನ ತೋಟದ ಉಳುಮೆ, ಗೊಬ್ಬರದ ಸಾಗಾಟ, ರಾಗಿ ಒಕ್ಕಣೆ, ಹೀಗೆ ವರ್ಷವಿಡೀ ಕೆಲಸ. ಗದ್ದೆ ಅವನಿಗೆ ಎರಡು ವಾರದ ಬಾಬು. ಟಿಲ್ಲರಿಗೆ ಆ ಎರಡು ವಾರ ಬಿಟ್ಟರೆ ಬಾಡಿಗೆ ಕಡಿಮೆ. ಆದುದರಿಂದ ಗದ್ದೆಗೆ ತಕ್ಕ ಯಂತ್ರ ಬರಲಿಲ್ಲ, ತೋಟಕ್ಕೆ ತಕ್ಕ ಯಂತ್ರವೇ ಕಬ್ಬಿಣದ ಕೇಜ್ ಚಕ್ರ ಹಾಕಿಕೊಂಡು ಗದ್ದೆಗೂ ಇಳಿಯಿತು. ಒಂದು ಜೊತೆ ಎತ್ತಿನ ಮೂರು ದಿನದ ಕೆಲಸ ಗಂಟೆಯಲ್ಲಿ ಮುಗಿಯುವುದನ್ನು ಕಂಡು ಅಪ್ಪ ಸಂತೋಷಪಟ್ಟರು. ಚಕ್ರ ಹತ್ತಿ ಕುಸಿದ ಬದುವನ್ನು ಗುದ್ದಲಿ ಹಿಡಿದು ಮತ್ತೆ ಕಟ್ಟುವಾಗ ಬೈದುಕೊಂಡರು. ಎರಡೂ ನಿಜ. ಅನಂತರ ಎತ್ತುಗಳನ್ನು ಮಾರಿದೆವು. ನಾನು ಆಗ ಪ್ರೌಢಶಾಲೆಯಲ್ಲಿದ್ದೆ. ಕೊಟ್ಟಿಗೆಯಲ್ಲಿ ಒಂದು ಸೀಮೆಹಸು ಉಳಿಯಿತು.

ನಾಟಿಯ ವಿಷಯ ಇನ್ನೂ ಸೂಕ್ಷ್ಮವಾದದ್ದು. ಕೈನಾಟಿಗೆ ಒಂದು ಎಕರೆಗೆ ಹತ್ತು ಹನ್ನೆರಡು ಹೆಣ್ಣಾಳು ಒಂದು ದಿನ ಬೇಕು. ನಾಟಿ ಯಂತ್ರ ದಿನಕ್ಕೆ ಎರಡು ಮೂರು ಎಕರೆಯನ್ನು ಲೀಲಾಜಾಲವಾಗಿ ಮುಗಿಸುತ್ತದೆ. ಆದರೆ ಅದಕ್ಕೆ ನಮ್ಮ ಒಟ್ಲಿನ ಪೈರು ಆಗದು. ಪ್ಲಾಸ್ಟಿಕ್ ಹಾಳೆಯ ಮೇಲೆ ತೆಳುವಾಗಿ ಮಣ್ಣು ಹರಡಿ, ಮೊಳಕೆ ಕಟ್ಟಿದ ಬೀಜವನ್ನು ಒತ್ತಾಗಿ ಚೆಲ್ಲಿ, ಚಾಪೆಯಂತೆ ಬೆಳೆದ ಸಸಿಯನ್ನು ಹದಿನೈದು ಇಪ್ಪತ್ತು ದಿನಕ್ಕೇ ಕತ್ತರಿಸಿ ಯಂತ್ರದ ತಟ್ಟೆಗೆ ಇಡಬೇಕು. ಗದ್ದೆ ಹಲಗೆಯಂತೆ ಸಮವಿರಬೇಕು, ನೀರು ಬೆರಳಗಲಕ್ಕಿಂತ ಹೆಚ್ಚಿರಬಾರದು. ಕೆರೆಯ ತೂಬು ಯಾವಾಗ ಎತ್ತುವರೆಂಬುದೇ ಗೊತ್ತಿಲ್ಲದ ಕಡೆ ಇಪ್ಪತ್ತನೆಯ ದಿನಕ್ಕೆ ಗದ್ದೆ ಸಿದ್ಧವಿರಬೇಕೆನ್ನುವುದು ಸಾಹಸವೇ ಸರಿ. ನೀರು ಒಂದು ವಾರ ತಡವಾದರೆ ಒಟ್ಲಿನ ಪೈರು ಸೈರಿಸಿಕೊಂಡೀತು. ಚಾಪೆಯ ಸಸಿ ಸೈರಿಸಿಕೊಳ್ಳದು. ಬೋರ್ ವೆಲ್ ಉಳ್ಳವರು ಹೇಗೋ ತೂಗಿಸಿಯಾರು. ಕೆರೆಯ ನೀರನ್ನೇ ನಂಬಿದ ಸಣ್ಣವನಿಗೆ ಇದು ಹೊಂದುವುದು ಕಷ್ಟ.

ಇಲ್ಲಿ ಜಪಾನಿನ ಮಾತನ್ನು ಸ್ವಲ್ಪ ಎತ್ತಬೇಕಾಗಿದೆ. ನಮ್ಮ ದೇಶದಲ್ಲಿ "ಜಪಾನಿ ಪದ್ಧತಿಯ ಭತ್ತದ ಬೇಸಾಯ"ದ ಪ್ರಚಾರ ೧೯೫೩ರಲ್ಲೇ ಪ್ರಾರಂಭವಾಯಿತು. ಸಾಲುನಾಟಿ, ಒಳ್ಳೆಯ ಬೀಜ, ಗೊಬ್ಬರ ಇವನ್ನು ಕಲಿಸಿದರು. ಜಪಾನಿನ ರೈತರೂ ನಮ್ಮಂತೆ ಸಣ್ಣ ಹಿಡುವಳಿದಾರರು. ಅವರಲ್ಲಿ ನಾಟಿ ಯಂತ್ರ ಬಂದು ನೆಲೆಯೂರಿದ್ದು ೧೯೬೦-೭೦ರ ದಶಕಗಳಲ್ಲಿ. ಆದರೆ ಅದೇ ಕಾಲದಲ್ಲಿ ಅವರು ಇನ್ನೊಂದು ಕೆಲಸವನ್ನೂ ಮಾಡಿದರು: ಹರಿದು ಹಂಚಿಹೋಗಿದ್ದ ಗದ್ದೆಗಳನ್ನು ಕೂಡಿಸಿ, ಸರ್ಕಾರದ ನೆರವಿನಿಂದ ಮಟ್ಟ ಮಾಡಿ, ಪ್ರತಿಯೊಂದಕ್ಕೂ ದಾರಿ ಮತ್ತು ಕಾಲುವೆ ಮುಟ್ಟುವಂತೆ ನೂರು ಮೀಟರು ಉದ್ದ, ಮೂವತ್ತು ಮೀಟರು ಅಗಲದ ಚೌಕಗಳಾಗಿ ಹೊಸದಾಗಿ ಕಟ್ಟಿದರು. ಆ ಒಂದು ಚೌಕ ನಮ್ಮ ಅಳತೆಯಲ್ಲಿ ಎಷ್ಟೆಂದು ನಾನು ಲೆಕ್ಕ ಹಾಕಿ ನೋಡಿದೆ. ಸುಮಾರು ಮೂವತ್ತು ಗುಂಟೆ! ನಮ್ಮದೂ ಅಷ್ಟೇ. ಆದರೆ ನಮ್ಮದು ಐದು ಕಡೆ ಇದೆ, ಮತ್ತು ಒಂದಕ್ಕೂ ದಾರಿಯಿಲ್ಲ. ಹಿಡುವಳಿ ಸಣ್ಣದೆಂಬ ಕೊರಗು ಒಂದು, ಅದು ಚೂರಾಗಿದೆಯೆಂಬ ಕೊರಗು ಇನ್ನೊಂದು. ಇವೆರಡನ್ನೂ ಒಂದೇ ಎಂದು ತಿಳಿಯುವುದು ತಪ್ಪೆಂದು ನನಗೆ ಹೊಳೆದದ್ದು ಆಗಲೇ. ೨೦೧೫-೧೬ರ ಕೃಷಿ ಗಣತಿಯ ಪ್ರಕಾರ ಭಾರತದ ಸರಾಸರಿ ಹಿಡುವಳಿ ೧.೦೮ ಹೆಕ್ಟೇರು, ಹಿಡುವಳಿದಾರರಲ್ಲಿ ನೂರಕ್ಕೆ ಎಂಬತ್ತಾರು ಮಂದಿ ಸಣ್ಣ ಅಥವಾ ಅತಿ ಸಣ್ಣ ರೈತರು. ಈ ಸರಾಸರಿ ಎಷ್ಟು ತುಂಡಾಗಿ ಬಿದ್ದಿದೆಯೆಂಬುದನ್ನು ಆ ಅಂಕಿ ಹೇಳುವುದಿಲ್ಲ.

ಕಟಾವಿನ ಯಂತ್ರದಲ್ಲಿ ಇದು ಸ್ಪಷ್ಟವಾಗಿ ಗೋಚರಿಸುತ್ತದೆ. ಸುಗ್ಗಿಯಲ್ಲಿ ತಮಿಳುನಾಡಿನ ಕಡೆಯಿಂದ ಲಾರಿಯ ಮೇಲೆ ಹೇರಿಕೊಂಡು ಬರುವ ಚೈನ್ ಮಿಷನ್ನುಗಳನ್ನು ನೀವೆಲ್ಲ ನೋಡಿರುತ್ತೀರಿ. ಕೊಯ್ಲು, ಬಡಿತ, ತೂರುವುದು ಮೂರನ್ನೂ ಒಂದೇ ಓಟದಲ್ಲಿ ಮುಗಿಸುವ ಇದು ಸುಮಾರು ಆರೂವರೆ ಅಡಿ ಅಗಲ ಕೊಯ್ಯುತ್ತದೆ. ನಮ್ಮ ಐದು ಗುಂಟೆಯ ಪಟ್ಟಿ ನೂರ ಅರವತ್ತೈದು ಅಡಿ ಉದ್ದ, ಮೂವತ್ತಮೂರು ಅಡಿ ಅಗಲ. ಅಂದರೆ ಐದು ಓಟ. ಉಳಿದ ಪಟ್ಟಿಗಳೂ ಅಷ್ಟೇ ಉದ್ದವಿದ್ದು, ಎಂಟು ಗುಂಟೆಯದಕ್ಕೆ ಎಂಟು, ಏಳು ಗುಂಟೆಯದಕ್ಕೆ ಏಳು. ಒಟ್ಟು ಮೂವತ್ತು ಓಟ, ಮೂವತ್ತು ಸಾರಿ ತಿರುಗುವುದು, ಐದು ಸಾರಿ ಬದು ದಾಟುವುದು. ಜಪಾನಿನ ಆ ಚೌಕವಾದರೆ ಅಷ್ಟೇ ಭತ್ತಕ್ಕೆ ಹದಿನೈದು ಓಟ. ಕೂಲಿಯಾಳಿನ ಗುತ್ತಿಗೆಯನ್ನು ನಾವು ನೆಲದ ಅಳತೆಯಿಂದ ಮಾತಾಡುತ್ತಿದ್ದೆವು: ಎಕರೆಗೆ ಇಷ್ಟು. ಯಂತ್ರದ ಬಾಡಿಗೆ ಗಡಿಯಾರದಿಂದ. ಮೂಲೆಯಲ್ಲಿ ಅದು ಹಿಂದೆ ಮುಂದೆ ಆಡುವ ಹೊತ್ತೂ ನಮ್ಮ ಲೆಕ್ಕಕ್ಕೇ ಬೀಳುತ್ತದೆ, ಆ ಹೊತ್ತಿನಲ್ಲಿ ಒಂದು ತೆನೆಯನ್ನೂ ಅದು ಕೊಯ್ದಿರುವುದಿಲ್ಲ. ನನ್ನ ತರಗತಿಯ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ ಎಂದುಕೊಂಡಿದ್ದೇನೆ.

ಇನ್ನರ್ಧ, ಯಂತ್ರ ಯಾರ ಗದ್ದೆಗೆ ಮೊದಲು ಹೋಗುತ್ತದೆ ಎಂಬುದರಲ್ಲಿದೆ. ೨೦೨೨ರಲ್ಲಿ ಮಳೆ ಧಾರಾಳವಾಗಿ ಕೆರೆ ಕೋಡಿ ಬಿದ್ದಿತ್ತು. ಬೆಳೆ ನೋಡಿದವರೆಲ್ಲ ತಲೆದೂಗಿದರು. ಡಿಸೆಂಬರ್ ಮೊದಲ ವಾರ ಭತ್ತ ಮಾಗಿ ನಿಂತಾಗ ಅಪ್ಪ ಮಿಷನ್ನಿನವರನ್ನು ಗೊತ್ತುಮಾಡಿ ಬಂದರು. ಅವರ ಹೆಸರು ಇಲ್ಲಿ ಬೇಡ. ಅವರ ಕಡೆಯಿಂದ ನೋಡಿದರೆ ಅವರದೂ ತಪ್ಪಲ್ಲ. ಬೇರೆ ಊರಿನಲ್ಲಿ ಎಂಟು ಎಕರೆ ಒಂದೇ ಕಡೆ ಸಿಕ್ಕಿತು, ಹೋದರು. "ನಾಳೆ" ಎಂದರು, "ನಾಡಿದ್ದು" ಎಂದರು. ಅಷ್ಟರಲ್ಲಿ ಮ್ಯಾಂಡಸ್ ಚಂಡಮಾರುತದ ಜಡಿಮಳೆ ಹಿಡಿಯಿತು. ಭತ್ತ ಮಲಗಿತು, ಗದ್ದೆ ಹಸಿಯಾಯಿತು. ಇನ್ನು ಮಿಷನ್ನು ಇಳಿಯುವಂತಿಲ್ಲ. ನಾನು ಪಿ.ಯು. ತರಗತಿಗೆ ರಜೆ ಹಾಕಿ ಕುಡುಗೋಲು ಹಿಡಿದೆ. ಮಲಗಿದ ಪೈರನ್ನು ಎತ್ತಿ ಕೊಯ್ಯುವಾಗ ತೆನೆಯಲ್ಲೇ ಮೊಳಕೆಯೊಡೆದ ಕಾಳು ಕೈಗೆ ಹತ್ತುತ್ತಿತ್ತು. ಕೂಲಿಗೆ ಕರೆದರೆ ಜನವಿಲ್ಲ. ಯಂತ್ರ ಬರುತ್ತದೆಂದು ಕೊಯ್ಲಿನ ಆಳುಗಳು ಬೇರೆ ಕೆಲಸ ಹುಡುಕಿಕೊಂಡಿದ್ದರು, ಯಂತ್ರವೂ ಬರಲಿಲ್ಲ. ಈ ಎರಡರ ನಡುವಿನ ಸಂದಿನಲ್ಲಿ ಸಣ್ಣ ರೈತ ಸಿಕ್ಕಿಬೀಳುವುದನ್ನು ನಾನು ಯಾವ ಪಠ್ಯದಲ್ಲಿಯೂ ಓದಿರಲಿಲ್ಲ. ಆ ವರ್ಷ ಮನೆಗೆ ಬಂದ ಭತ್ತವನ್ನು ಹಸುವಿಗೂ ಕೋಳಿಗೂ ಹಾಕಿದ್ದೇ ಹೆಚ್ಚು.

ಹುಲ್ಲಿನ ಮಾತನ್ನೂ ಹೇಳದೆ ವಿಧಿಯಿಲ್ಲ. ಕೈಕೊಯ್ಲಿನಲ್ಲಿ ಬುಡದವರೆಗೆ ಕೊಯ್ದ ಹುಲ್ಲು ಬಣವೆಯಾಗಿ ವರ್ಷವಿಡೀ ದನಕ್ಕೆ ಒದಗುತ್ತದೆ. ಮಿಷನ್ನು ಎತ್ತರಕ್ಕೆ ಕೊಯ್ದು, ತುಳಿದು, ಮುರಿದು ಗದ್ದೆಯಲ್ಲಿ ಚೆಲ್ಲಿಹೋಗುತ್ತದೆ. ಅದನ್ನು ಸುತ್ತಿ ಪೆಂಡಿ ಮಾಡಲು ಮತ್ತೊಂದು ಯಂತ್ರವಿದೆ, ಅದಕ್ಕೂ ದಾರಿ ಬೇಕು. ಹೀಗಾಗಿ ಭತ್ತ ಬೆಳೆದ ನಾವೇ ಹುಲ್ಲು ಕೊಳ್ಳುವ ಸ್ಥಿತಿ ಬಂತು. ಡೈರಿಗೆ ಹಾಲು ಹಾಕಿ ಬರುವ ಹಣದಲ್ಲಿ ಸಂತೆ ಸಾಗಿಸುವ ಮನೆಗೆ ಇದು ಸಣ್ಣ ಸಂಗತಿಯಲ್ಲ. ಹುಲ್ಲು ಕಡಿಮೆಯಾದರೆ ದನ ಕಡಿಮೆ, ದನ ಕಡಿಮೆಯಾದರೆ ತಿಪ್ಪೆ ಕಡಿಮೆ, ತಿಪ್ಪೆ ಕಡಿಮೆಯಾದಷ್ಟು ಯೂರಿಯಾ ಹೆಚ್ಚು. ಇನ್ನೊಂದು: ಮಿಷನ್ನಿನಿಂದ ಬಂದ ಭತ್ತದಲ್ಲಿ ನೀರಿನಂಶ ಜಾಸ್ತಿ. ಹಿಂದೆ ಕೊಯ್ದ ಪೈರು ಗದ್ದೆಯಲ್ಲೂ ಮೆದೆಯಲ್ಲೂ ಒಣಗಿ ಕಣಕ್ಕೆ ಬರುತ್ತಿತ್ತು. ಈಗ ಅದೇ ದಿನ ಚೀಲದಲ್ಲಿ ಹಸಿ ಭತ್ತ. ಅದನ್ನು ಹರಡಿ ಒಣಗಿಸಲು ಕಣವೆಲ್ಲಿದೆ? ಊರ ಮುಂದಿನ ಟಾರು ರಸ್ತೆಯೇ ಕಣ.

ಹೀಗೆಂದ ಮಾತ್ರಕ್ಕೆ ನಾನು ಯಂತ್ರವಿರೋಧಿಯೆಂದು ವಾಚಕರು ಭಾವಿಸಬಾರದು. ಆ ಅಪಾಯದಿಂದ ನನ್ನನ್ನು ಪಾರುಮಾಡಿದವಳು ಅವ್ವ. ನಾಟಿಯ ದಿನಗಳಲ್ಲಿ ಅವ್ವ ಮೊದಲು ಮುಯ್ಯಾಳಾಗಿ, ಅನಂತರ ಕೂಲಿಗಾಗಿ ಬಯಲಿನ ಎಲ್ಲರ ಗದ್ದೆಗೂ ಇಳಿದವಳು. ನನ್ನ ಶಾಲೆಯ ಪುಸ್ತಕ, ಬಸ್ಸಿನ ಪಾಸು ಎಷ್ಟೋ ಸಲ ಆ ಕೆಸರಿನಿಂದ ಬಂದದ್ದು. ನಾನೂ ಎರಡು ವರ್ಷ ಅವಳ ಪಕ್ಕ ಬಗ್ಗಿ ನೆಟ್ಟಿದ್ದೇನೆ. ಈ ಲೇಖನಕ್ಕಾಗಿ ಮಾತನಾಡಿಸುತ್ತ, ಎಲ್ಲ ಹೆಂಗಸರು ಸೇರಿ ಹಾಡು ಹೇಳಿಕೊಂಡು ನೆಡುತ್ತಿದ್ದ ಕಾಲ ಹೋಯಿತಲ್ಲ ಎಂದು ನಾನು ಸ್ವಲ್ಪ ಕಾವ್ಯಮಯವಾಗಿ ಹೇಳಿದೆ. ಅವ್ವ ಸೌಟು ಕೆಳಗಿಟ್ಟು ನನ್ನ ಕಡೆ ನೋಡಿದಳು. "ಹಾಡು ಹೇಳ್ತಿದ್ದಿದ್ದು ಸೊಂಟದ ನೋವು ಮರೀಲಿ ಅಂತ ಕಣವ್ವ. ಬರೆಯೋಳು ನೀನು, ಬಗ್ಗಿದೋಳು ನಾನು. ಮಿಷನ್ ಬರ್ಲಿ. ಆದ್ರೆ ಆ ಕೂಲಿ ಎಲ್ಲಿ ಸಿಗ್ತದೆ ಅಂತ ಅದನ್ನೂ ಬರಿ" ಎಂದಳು.

ಬರೆಯುತ್ತಿದ್ದೇನೆ. ಯಂತ್ರ ಬಂದಾಗ ಗದ್ದೆ ಉಳ್ಳವನ ಖರ್ಚು ಉಳಿಯಬಹುದು. ಆದರೆ ಮೂವತ್ತು ಗುಂಟೆಯವನು ಗದ್ದೆ ಉಳ್ಳವನೂ ಹೌದು, ಕೂಲಿಯವನೂ ಹೌದು. ಅವನ ಒಂದು ಜೇಬಿಗೆ ಉಳಿದದ್ದು ಇನ್ನೊಂದರಿಂದ ಸೋರುತ್ತದೆ. ಅವ್ವ ಈಗ ಕೊಬ್ಬರಿ ಕೆಲಸಕ್ಕೆ ಹೋಗುತ್ತಾಳೆ. ಅಟ್ಟದ ಮೇಲೆ ಹನ್ನೊಂದು ಹನ್ನೆರಡು ತಿಂಗಳು ಒಣಗಿದ ಕಾಯಿಯನ್ನು ಇಳಿಸಿ, ಸುಲಿದು, ಚಿಪ್ಪು ಬಿಡಿಸುವ ಕೆಲಸ. ಕೂತು ಮಾಡುವುದರಿಂದ ಸೊಂಟಕ್ಕೆ ಹಿತ, ಬೆರಳಿಗೆ ಅಹಿತ ಎನ್ನುತ್ತಾಳೆ.

ಇನ್ನು ದಾರಿಯ ವಿಷಯ. ೨೦೨೪ರಲ್ಲಿ ಕೆರೆ ತುಂಬಿದಾಗ ಹಿಂದಿನ ಪಾಡು ಬೇಡವೆಂದು ಅಪ್ಪ, ಚಿಕ್ಕಪ್ಪ ಮತ್ತು ಸುತ್ತಣ ಗದ್ದೆಯ ಇನ್ನು ಮೂರು ಮನೆಯವರು ಅರಳಿಕಟ್ಟೆಯಲ್ಲಿ ಕೂತು ಮಾತಾಡಿದರು. ಎಲ್ಲರೂ ಒಂದೇ ತಳಿ ಹಾಕುವುದು, ಒಂದೇ ವಾರದಲ್ಲಿ ನಾಟಿ ಮುಗಿಸುವುದು, ಕೊಯ್ಲಿಗೆ ಹತ್ತು ದಿನ ಮುಂಚೆ ಒಟ್ಟಿಗೆ ನೀರು ಕಟ್ಟುಮಾಡುವುದು, ಮಿಷನ್ನು ದಾಟಲು ಬದುಗಳನ್ನು ಒಂದೇ ಸಾಲಿನಲ್ಲಿ ಕಡಿದು ಆಮೇಲೆ ಕಟ್ಟಿಕೊಡುವುದು. ಮಂಡ್ಯದ ವಿ.ಸಿ. ಫಾರಂನಿಂದ ಬಂದ ತನು ತಳಿಯನ್ನು ಆರಿಸಿದರು. ಊರಿನ ಹಳೆಯ ನೀರುಗಂಟಿಯವರು ಇದನ್ನು ಕೇಳಿ ನಕ್ಕರಂತೆ. "ಕೆರೆ ನೀರಿಗೆ ನಾವು ಹೇಳ್ತಿದ್ದುದೂ ಇದೇ ಅಲ್ವೇನ್ರಪ್ಪ? ಸರದಿ ಮೇಲೆ ಹೋಗಿ ಅಂದ್ರೆ ಕೇಳ್ತಿರ್ಲಿಲ್ಲ. ಈಗ ಮಿಷನ್ನೋನ ಮಾತು ಕೇಳ್ತೀರಿ." ಮಾತು ಚುಚ್ಚಿತಾದರೂ ಸತ್ಯ. ಆ ವರ್ಷ ಕೊಯ್ಲು ಒಂದೇ ಮಧ್ಯಾಹ್ನದಲ್ಲಿ ಮುಗಿಯಿತು. ಮೂಲೆಗಳನ್ನು ಮಾತ್ರ ಕುಡುಗೋಲಿನಲ್ಲಿ ಕೊಯ್ದುಕೊಂಡೆವು, ಆ ಹುಲ್ಲು ಹಸುವಿಗಾಯಿತು. ನಮ್ಮ ಮನೆಯ ಲೆಕ್ಕದ ಪುಸ್ತಕದಲ್ಲಿ ಮಿಷನ್ನಿನ ಬಾಡಿಗೆ ಹಿಂದೆಂದಿಗಿಂತ ಕಡಿಮೆ ಬಿದ್ದ ವರ್ಷ ಅದು.

ಸರ್ಕಾರದ ಕಡೆಯಿಂದ ೨೦೧೪-೧೫ರಲ್ಲಿ ಆರಂಭವಾದ ಕೃಷಿ ಯಂತ್ರಧಾರೆ ಯೋಜನೆ ಹೋಬಳಿ ಮಟ್ಟದಲ್ಲಿ ಯಂತ್ರಗಳನ್ನು ಬಾಡಿಗೆಗೆ ಒದಗಿಸುವ ಉದ್ದೇಶದ್ದು. ಲಕ್ಷಗಟ್ಟಲೆ ಬೆಲೆಯ ಯಂತ್ರವನ್ನು ಸಣ್ಣವನು ಕೊಂಡು ಸಾಲಗಾರನಾಗುವುದಕ್ಕಿಂತ ಇದು ಮೇಲು. ಆದರೆ ಎಲ್ಲರ ಸುಗ್ಗಿಯೂ ಒಂದೇ ಹದಿನೈದು ದಿನದಲ್ಲಿ ಬರುವುದರಿಂದ ಬಾಡಿಗೆಯ ಯಂತ್ರಕ್ಕೆ ಸರದಿ ಏಳುತ್ತದೆ, ಸರದಿಯಲ್ಲಿ ದೊಡ್ಡ ತಾಕಿನವನು ಮುಂದೆ ನಿಲ್ಲುತ್ತಾನೆ. ಸಣ್ಣ ಯಂತ್ರಗಳೂ ಇವೆಯೆಂಬುದನ್ನು ನಾವು ಮರೆತಿದ್ದೇವೆ. ಮೊಳಕೆ ಬೀಜವನ್ನು ಡಬ್ಬಿಗಳಲ್ಲಿ ತುಂಬಿ ಒಬ್ಬನೇ ಎಳೆದುಕೊಂಡು ಹೋಗಬಹುದಾದ ಡ್ರಮ್ ಸೀಡರ್ ಇದೆ. ಎಣ್ಣೆ ಬೇಡ, ದಾರಿ ಬೇಡ, ಹೆಗಲ ಮೇಲೆ ಹೊತ್ತು ಬದು ದಾಟಬಹುದು. ಒಟ್ಲೂ ಇಲ್ಲ, ನಾಟಿಯೂ ಇಲ್ಲ. ಕಳೆ ಹೆಚ್ಚುತ್ತದೆಂಬ ದೋಷವುಂಟು, ಅದಕ್ಕೆ ಸಾಲಿನ ನಡುವೆ ತಳ್ಳುವ ಕೋನೋ ವೀಡರ್ ಉಂಟು. ಐದು ಗುಂಟೆಯ ಪಟ್ಟಿಯಲ್ಲಿ ಇವು ಅರಸರಂತೆ ಓಡಾಡುತ್ತವೆ. ನಮ್ಮ ಬಯಲಿನಲ್ಲಿ ಯಾರೂ ಇವನ್ನು ಬಳಸುತ್ತಿಲ್ಲ. ದೊಡ್ಡ ಯಂತ್ರಕ್ಕೆ ಸದ್ದಿದೆ, ಗತ್ತಿದೆ. ಡಬ್ಬಿ ಎಳೆದುಕೊಂಡು ಹೋಗುವವನನ್ನು ಕಂಡು ಜನ ನಗುತ್ತಾರೆ. ನಗೆಪಾಟಲಿನ ಭಯವೂ ಒಂದು ಉತ್ಪಾದನಾ ವೆಚ್ಚವೆಂದು ಅರ್ಥಶಾಸ್ತ್ರದಲ್ಲಿ ಸೇರಿಸಬೇಕೆಂದು ನನ್ನ ಸೂಚನೆ!

ಈ ಒಪ್ಪಂದ ಮುಂದೆಯೂ ನಡೆಯುವುದೇ ಎಂಬುದು ಭತ್ತದ ಕೈಯಲ್ಲಿಲ್ಲ, ತೆಂಗಿನ ಕೈಯಲ್ಲಿದೆ. ೨೦೨೩ರಲ್ಲಿ ನೆಲಕಚ್ಚಿದ್ದ ಕೊಬ್ಬರಿಯ ಧಾರಣೆ ೨೦೨೫ರಲ್ಲಿ ಯಾರೂ ಕಂಡರಿಯದಷ್ಟು ಮೇಲೇರಿತು. ೨೦೨೫-೨೬ಕ್ಕೆ ಸರ್ಕಾರ ಸಾಮಾನ್ಯ ಭತ್ತಕ್ಕೆ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಾಲಿಗೆ ೨,೩೬೯ ರೂಪಾಯಿ. ೨೦೨೫ಕ್ಕೆ ಉಂಡೆಕೊಬ್ಬರಿಗೆ ಗೊತ್ತುಮಾಡಿದ್ದು ೧೨,೧೦೦, ಮಾರುಕಟ್ಟೆಯಲ್ಲಿ ನಡೆದದ್ದು ಅದರ ಎರಡರಷ್ಟು. ಇದನ್ನು ನೋಡಿದ ಚಿಕ್ಕಪ್ಪ ತಮ್ಮ ಪಾಲಿನ ಐದೂ ಪಟ್ಟಿಗೆ ತೆಂಗಿನ ಸಸಿ ಇಡುವೆನೆನ್ನುತ್ತಾರೆ. ಅವರ ಲೆಕ್ಕದಲ್ಲಿ ತಪ್ಪು ಹುಡುಕಲು ನನ್ನಿಂದಾಗಲಿಲ್ಲ. ತೆಂಗಿಗೆ ನಾಟಿಯಿಲ್ಲ, ಸರದಿಯಿಲ್ಲ, ಸುಗ್ಗಿಯ ಹದಿನೈದು ದಿನದ ಆತಂಕವಿಲ್ಲ. ಆದರೆ ಅವರ ಪಟ್ಟಿಗೂ ನಮ್ಮ ಪಟ್ಟಿಗೂ ನಡುವೆ ಇರುವುದು ಒಂದು ಬದು. ಅಲ್ಲಿ ಮರ ಎದ್ದರೆ ನಮ್ಮ ಮೂವತ್ತಮೂರು ಅಡಿಯ ಮೇಲೆ ನೆರಳು; ಮಿಷನ್ನು ದಾಟುತ್ತಿದ್ದ ಸಾಲಿನಲ್ಲಿ ಗುಂಡಿ. ನಾವು ಭತ್ತ ಬಿಟ್ಟರೆ ನಮ್ಮ ಆಚೆಯವರ ದಾರಿಯೂ ಮುಚ್ಚುತ್ತದೆ, ಅವರ ಆಚೆಯವರದೂ ಹಾಗೆಯೇ.

ಅಪ್ಪ ಇನ್ನೂ ಏನೂ ಹೇಳಿಲ್ಲ. ಹೋದ ವಾರ ಮನೆಗೆ ಹೋದಾಗ ತೂಬಿನ ಹತ್ತಿರದ ಪಟ್ಟಿಯಲ್ಲಿ ಚಿಕ್ಕಪ್ಪ ಗುಂಡಿ ತೆಗೆಸಲು ಹಗ್ಗ ಹಿಡಿದು ಗುರುತು ಹಾಕುತ್ತಿದ್ದರು. ಹಗ್ಗದ ಒಂದು ತುದಿಯನ್ನು ಅವರು ಹಿಡಿದಿದ್ದರು. ಇನ್ನೊಂದು ತುದಿ ಹಿಡಿಯಲು ಆಳು ಬಂದಿರಲಿಲ್ಲವಾಗಿ, ಅದನ್ನು ಹಿಡಿದು ನಿಂತಿದ್ದವರು ನಮ್ಮಪ್ಪ.